ಮಂಡಿಯ ಕೆಳಗಿನ ದಿಂಬು

ಕಳೆದ ಮಂಗಳವಾರ ಬೆಳಿಗ್ಗೆ ನಾನು ಒಂದು ಸುಳ್ಳು ಹೇಳಿದೆ. "ರಾತ್ರಿ ಮಂಡಿ ಕೆಳಗೆ ದಿಂಬು ಇಟ್ಕೊಳ್ತಿದ್ದೀರಾ ಮೇಡಂ?" ಎಂದು ಫಿಸಿಯೋಥೆರಪಿಯ ಹುಡುಗಿ ಕೇಳಿದಳು. "ಇಲ್ಲಮ್ಮ" ಎಂದೆ. ಅವಳು ಮಾತಾಡದೆ, ಮಂಚದ ಮೇಲೆ ಚಾಚಿದ್ದ ನನ್ನ ಬಲಗಾಲಿನ ಮಂಡಿಯ ಕೆಳಗೆ ಅಂಗೈಯನ್ನು ಚಪ್ಪಟೆಯಾಗಿಟ್ಟು ತೂರಿಸಿದಳು. ಅದು ಎಲ್ಲಿಯೂ ತಡೆಯದೆ ಒಳಗೆ ಹೋಯಿತು. ಇನ್ನೊಂದು ಬದಿಯಲ್ಲಿ ಅವಳ ಬೆರಳ ತುದಿಗಳು, ಅರ್ಧ ಅಳಿಸಿದ ಗೋರಂಟಿಯ ಸಮೇತ, ಹೊರಗೆ ಕಾಣಿಸಿದವು. "ಕೈ ಹೋಗ್ತಾ ಇದೆಯಲ್ಲ ಮೇಡಂ" ಎಂದಳು. ಅಷ್ಟೇ. ಅಂದಿನಿಂದ ಆ ಬೆರಳ ತುದಿಗಳು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಸವೆದ ಮಂಡಿಗೆ ಕೃತಕ ಕೀಲು ಹಾಕುವ ಆಪರೇಷನ್ ಆಗಿ ಐದು ವಾರವಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದಾಗ, ಇಷ್ಟೇ ತಾನೆ ಎಂದುಕೊಂಡಿದ್ದೆ. ಕೋಲಾರದ ಮನೆಗೆ ಬಂದ ಮೇಲೆ ತಿಳಿಯಿತು, ಆಪರೇಷನ್ ಎನ್ನುವುದು ಡಾಕ್ಟರು ಮಾಡುವ ಭಾಗ ಮಾತ್ರ. ಹಗಲು ಹೇಗೋ ಕಳೆಯುತ್ತದೆ; ರಾತ್ರಿ ಒಂದೂವರೆ, ಎರಡು ಗಂಟೆಯ ಹೊತ್ತಿಗೆ ನೋವು ಎದ್ದು ಕೂರುತ್ತದೆ. ಊದಿಕೊಂಡ ಕೀಲಿಗೆ ಸ್ವಲ್ಪ ಮಡಿಸಿದ ಸ್ಥಿತಿಯಲ್ಲೇ ಹೆಚ್ಚು ಜಾಗ ಸಿಗುತ್ತದೆಯಂತೆ, ಆದ್ದರಿಂದ ಕೆಳಗೊಂದು ದಿಂಬು ಸೇರಿಸಿದರೆ ಕ್ಷಣದಲ್ಲಿ ಹಾಯೆನಿಸುತ್ತದೆ. ಆ ದಿಂಬನ್ನು ಸೇರಿಸುತ್ತಿದ್ದವರು ನನ್ನ ಯಜಮಾನರು. ನಾನು ನರಳಿದ ಸದ್ದಿಗೆ ಎದ್ದು, ದೀಪವನ್ನೂ ಹಾಕದೆ, ಕತ್ತಲಲ್ಲೇ ಅಂದಾಜಿನಿಂದ ಮಂಡಿಯ ಕೆಳಗೆ ಅದನ್ನು ಮೆಲ್ಲಗೆ ತಳ್ಳಿ ಮತ್ತೆ ಮಲಗುತ್ತಿದ್ದರು. ಮದುವೆಯಾದ ನಲವತ್ತು ವರ್ಷಗಳಲ್ಲಿ ಅವರು ನನಗೆ ಇಷ್ಟು ಮೆತ್ತಗೆ ಏನನ್ನೂ ಕೊಟ್ಟದ್ದು ನೆನಪಿಲ್ಲ. ಬೇಡವೆನ್ನಲು ನನ್ನಿಂದ ಹೇಗೆ ಸಾಧ್ಯವಾಗುತ್ತಿತ್ತು?

ಬೇಡವೆನ್ನಲೇಬೇಕಿತ್ತು. ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಹಾಳೆಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದಿದ್ದರು. ಮಡಿಸಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಬಿಟ್ಟರೆ ಮಂಡಿಯ ಹಿಂಭಾಗದ ಸ್ನಾಯುಗಳು ಗಿಡ್ಡವಾಗುತ್ತವೆ, ಗಾಯ ಮಾಯುವಾಗ ಒಳಗೆ ಕಟ್ಟುವ ಅಂಗಾಂಶವೂ ಅದೇ ಆಕಾರದಲ್ಲಿ ಬಿಗಿದುಕೊಳ್ಳುತ್ತದೆ. ಆಮೇಲೆ ಕಾಲು ಪೂರ್ತಿ ನೇರವಾಗುವುದಿಲ್ಲ. ನೇರವಾಗದ ಕಾಲಿನ ಮೇಲೆ ನಿಂತರೆ ತೊಡೆಯ ಸ್ನಾಯುವಿಗೆ ಬಿಡುವೇ ಇರುವುದಿಲ್ಲ. ಲೋಹದ ಹೊಸ ಕೀಲು ಎಷ್ಟೇ ಚೆನ್ನಾಗಿದ್ದರೂ ನಡಿಗೆ ಕುಂಟೇ.

ಇಲ್ಲೊಂದು ವಿಚಿತ್ರವನ್ನು ಹೇಳಬೇಕು. ನಾನು ಮೂವತ್ತಮೂರು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಸರಳ ಕೋನವೆಂದರೆ 180 ಡಿಗ್ರಿ ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಹುಡುಗಿಯ ಶಾಸ್ತ್ರದಲ್ಲಿ ನೇರವಾಗಿ ಚಾಚಿದ ಕಾಲು ಸೊನ್ನೆ. ಮಡಿಸಿದಷ್ಟೂ ಅಂಕಿ ಏರುತ್ತದೆ. ಮೊದಲ ದಿನ ಅವಳು ಎರಡು ತೋಳುಗಳ ಪ್ಲಾಸ್ಟಿಕ್ ಕೋನಮಾಪಕವನ್ನು ನನ್ನ ಕಾಲಿನ ಪಕ್ಕಕ್ಕೆ ಹಿಡಿದಾಗ ನಾನು ತಿದ್ದಲು ಹೋಗಿ, ಕೊನೆಗೆ ಅವಳಿಂದಲೇ ಪಾಠ ಹೇಳಿಸಿಕೊಂಡೆ. ಮಂಗಳವಾರ ಆ ಮಾಪಕ ತೋರಿಸಿದ್ದು: ಮಡಿಸುವುದು 98, ಚಾಚುವುದು 9. ಅಂದರೆ ಸೊನ್ನೆಗೆ ಇನ್ನೂ ಒಂಬತ್ತು ಡಿಗ್ರಿ ಬಾಕಿ.

ನೋಡಲು ಬಂದವರೆಲ್ಲ ಕೇಳುವುದು ಮಾತ್ರ "ಎಷ್ಟು ಬಗ್ಗುತ್ತೆ?" ಎಂದೇ. ಎಷ್ಟು ನೇರವಾಗುತ್ತದೆ ಎಂದು ಇಂದಿನವರೆಗೆ ಒಬ್ಬರೂ ಕೇಳಿಲ್ಲ. ನನ್ನ ನಾದಿನಿ ಬಂದ ದಿನ, ಆಪರೇಷನ್ ಮಾಡಿಸಿಕೊಂಡು ಎದ್ದೇಳದೆ ಹೋದವರ ಕಥೆಗಳನ್ನು ಒಂದರ ಹಿಂದೊಂದು ಹೇಳಿ, ಹೋಳಿಗೆ ತಿಂದು, ಇದೆಲ್ಲ ಕೋಲಾರದ ನೀರಿನ ದೋಷ ಎಂದು ತೀರ್ಪು ಕೊಟ್ಟು ಹೋದಳು. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ, ಅದರಿಂದ ಮೂಳೆ ಗಡುಸಾದವರನ್ನು ನಾನೂ ಹಳ್ಳಿಗಳಲ್ಲಿ ಕಂಡಿದ್ದೇನೆ. ಆದರೆ ನನ್ನದು ಸವೆತ. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಇರಬೇಕಾದ ಕಪ್ಪು ಗೆರೆ ಒಳಬದಿಯಲ್ಲಿ ಪೂರ್ತಿ ಮಾಯವಾಗಿತ್ತು. ಅಂತರಗಂಗೆಯ ಮೆಟ್ಟಿಲುಗಳನ್ನು ಕಾರ್ತಿಕ ಸೋಮವಾರಗಳಂದು ಹತ್ತುತ್ತಿದ್ದವಳು, ಕೊನೆಯ ಎರಡು ವರ್ಷ ಕೆಳಗಿನಿಂದಲೇ ಕೈ ಮುಗಿದು ಬಂದಿದ್ದೇನೆ. ನೀರನ್ನು ದೂರಿದರೆ ಯಾರೂ ಏನೂ ಮಾಡಬೇಕಾಗಿಲ್ಲ ಎಂಬುದು ನಾದಿನಿಗೆ ಅನುಕೂಲವಾದ ವಾದ. ನನಗೂ ದಿಂಬು ಅಂಥದ್ದೇ ಅನುಕೂಲವಾಗಿತ್ತು ಎಂಬುದನ್ನು ಒಪ್ಪಿಕೊಂಡುಬಿಡುತ್ತೇನೆ.

ಮತ್ತೆ ಆ ಬೆರಳುಗಳಿಗೆ ಬರುತ್ತೇನೆ. ಅವಳು "ಸುಳ್ಳು ಹೇಳ್ತಿದ್ದೀರಿ" ಎನ್ನಬಹುದಿತ್ತು. ದಿಂಬು ನನ್ನ ಪಕ್ಕದಲ್ಲೇ, ನಡುವೆ ಕಾಲಿನ ಗುಂಡಿ ಬಿದ್ದ ಗುರುತಿನೊಡನೆ, ಬಿದ್ದಿತ್ತು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಇದೇ ಸ್ಥಿತಿಯಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಪಕ್ಕದವನ ಪುಸ್ತಕ ನೋಡಿ ಉತ್ತರ ಬರೆದ ಹುಡುಗನನ್ನು ಬೋರ್ಡಿಗೆ ಕರೆಯುತ್ತಿದ್ದೆ. ಉತ್ತರ ಸರಿಯಾಗಿದೆಯಲ್ಲ, ಈಗ ಹಂತ ಬರೆದು ತೋರಿಸು ಎಂದು ಸೀಮೆಸುಣ್ಣ ಕೈಗಿಟ್ಟು, ಎದೆಯ ಮೇಲೆ ಕೈ ಕಟ್ಟಿ ನಿಲ್ಲುತ್ತಿದ್ದೆ. ಅವನು ಬೆವರುತ್ತಿದ್ದ, ತರಗತಿ ನಗುತ್ತಿತ್ತು, ನಾನು ಅದನ್ನು ಶಿಸ್ತು ಎನ್ನುತ್ತಿದ್ದೆ. ಹಾಗೆ ನಿಂತವರಲ್ಲಿ ಎಷ್ಟು ಮಂದಿಗೆ ಆ ಲೆಕ್ಕ ಬಂತು? ಬಂದಿದ್ದರೂ ಅದು ನನ್ನಿಂದಲ್ಲ. ಕಣ್ಣಿಗೆ ಕಾಣುವಂತೆ ಕೈಯನ್ನು ಸಂದಿಯಲ್ಲಿ ತೂರಿಸಿ, ಆರೋಪವನ್ನು ಅಲ್ಲಿಗೇ ಬಿಟ್ಟು, ಮುಂದಿನ ಹಂತಕ್ಕೆ ಹೋಗುವ ವಿದ್ಯೆ ಬಿ.ಎಡ್.ನಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ. ಮುಳಬಾಗಿಲಿನ ಕಡೆಯ ಈ ಹುಡುಗಿ, ನನ್ನ ಕೊನೆಯ ವರ್ಷಗಳ ವಿದ್ಯಾರ್ಥಿಗಳ ಓರಗೆಯವಳು, ಅದನ್ನು ಎಲ್ಲಿ ಕಲಿತಳೋ.

ಮುಂದಿನ ಹಂತವೇನೋ ಸುಖದ್ದಾಗಿರಲಿಲ್ಲ. ಅವಳು ಅದೇ ದಿಂಬನ್ನು ಎತ್ತಿ ನನ್ನ ಹಿಮ್ಮಡಿಯ ಕೆಳಗಿಟ್ಟಳು. ಈಗ ಮಂಡಿಯ ಕೆಳಗೆ ಏನೂ ಇಲ್ಲ. ಕಾಲು ತನ್ನ ಭಾರಕ್ಕೆ ತಾನೇ ಕೆಳಗೆ ಜಗ್ಗುತ್ತದೆ. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಎರಡನೆಯ ನಿಮಿಷಕ್ಕೆ ಮಂಡಿಯ ಹಿಂದೆ ಹಗ್ಗವನ್ನು ಹುರಿಗೊಳಿಸಿದಂತಾಗುತ್ತದೆ. ಜೊತೆಗೆ ತೊಡೆಯನ್ನು ಬಿಗಿಮಾಡಿ ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಬೇಕು, ಐದು ಎಣಿಸುವವರೆಗೆ. ಅವಳು ಎಣಿಸುವುದು ತೆಲುಗಿನಲ್ಲಿ: ಒಕಟಿ, ರೆಂಡು, ಮೂಡು. ನಾಲುಗು ಮತ್ತು ಐದರ ನಡುವೆ ಬೇಕೆಂದೇ ತಡಮಾಡುತ್ತಾಳೆ ಎಂಬುದು ನನ್ನ ಗುಮಾನಿ. ಮುಗಿದ ಮೇಲೆ ಹದಿನೈದು ನಿಮಿಷ ಐಸ್ ಪ್ಯಾಕ್. ಮಂಡಿಯ ಹೊರಬದಿಯಲ್ಲಿ ಒಂದು ಅಂಗೈಯಗಲ ಚರ್ಮಕ್ಕೆ ಇನ್ನೂ ಸ್ಪರ್ಶವೇ ಇಲ್ಲ, ಕೊಯ್ಯುವಾಗ ಸಣ್ಣ ನರವೊಂದು ತುಂಡಾಗುವುದರಿಂದ ಹಾಗೆ. ಅಲ್ಲಿ ಮಾತ್ರ ಐಸಿನ ತಣ್ಪೂ ತಿಳಿಯುವುದಿಲ್ಲ.

ಯಜಮಾನರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಆಡಿಟ್ ವಿಭಾಗದಲ್ಲಿದ್ದು ನಿವೃತ್ತರಾದವರು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿದ್ದನ್ನೂ, ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ ಎಂದು ಗೊತ್ತುಮಾಡಿದ್ದನ್ನೂ ಬಂದವರಿಗೆಲ್ಲ ಹೇಳಿ, ಆಸ್ಪತ್ರೆಯ ಬಿಲ್ಲನ್ನು ಸಾಲುಸಾಲಾಗಿ ಓದಿಸುತ್ತಾರೆ. ಆ ಬಿಲ್ಲಿನಲ್ಲಿ ಹತ್ತಿ, ಕೈಗವಸುಗಳಿಗೂ ಸಾಲು ಇದೆ. ಸ್ಕೂಟರಿನಲ್ಲಿ ಬಂದು ಮುಕ್ಕಾಲು ಗಂಟೆ ನನ್ನ ಕಾಲಿನ ಜೊತೆ ಗುದ್ದಾಡಿ ಹೋಗುವ ಇವಳಿಗೆ ಕೊಡುವ ಹಣದ ವಿಚಾರದಲ್ಲಿ ಮಾತ್ರ, ವಾರಕ್ಕೆ ಎರಡು ದಿನ ಸಾಲದೇ ಎಂದು ಅವರೇ ಚೌಕಾಸಿ ಮಾಡಿದ್ದರು. ಮಂಗಳವಾರ ಅವಳು ಹೊರಡುವಾಗ, ಮೂರು ದಿನ ಬಾಮ್ಮ ಎಂದರು. ದಿಂಬಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ರಾತ್ರಿ ನೋವು ತನ್ನ ಸಮಯಕ್ಕೆ ಎದ್ದಿತು. ಅವರೂ ಎದ್ದರು. ಕತ್ತಲಲ್ಲಿ ದಿಂಬನ್ನು ತಡಕಿ ಎತ್ತಿಕೊಂಡದ್ದು ಕೇಳಿಸಿತು, ಬಹಳ ಹೊತ್ತು ಹಾಗೇ ನಿಂತದ್ದೂ ಗೊತ್ತಾಯಿತು. ಆಮೇಲೆ ಅದನ್ನು ಕುರ್ಚಿಯ ಮೇಲಿಟ್ಟು, ನನ್ನ ಪಾದದ ಹತ್ತಿರ ಕುಳಿತು, ಹೆಬ್ಬೆರಳನ್ನು ಹಿಡಿದುಕೊಂಡರು. ನೋವೇನೂ ಕಡಿಮೆಯಾಗಲಿಲ್ಲ. ಅವರು ಕುಳಿತಲ್ಲೇ ತೂಕಡಿಸಿ ನನ್ನ ಇನ್ನೊಂದು ಕಾಲಿನ ಮೇಲೆ ಬಿದ್ದದ್ದರಿಂದ ಸ್ವಲ್ಪ ನಗು ಬಂತು.

ಶುಕ್ರವಾರ ಹುಡುಗಿ ಬಂದು, ಏನನ್ನೂ ಕೇಳದೆ ಅಂಗೈ ತೂರಿಸಿದಳು. ಬೆರಳಿನ ಗೆಣ್ಣುಗಳವರೆಗೆ ಹೋಗಿ ಸಿಕ್ಕಿಕೊಂಡಿತು. ಆಮೇಲೆ ಮಾಪಕ ಹಿಡಿದು "ಆರು" ಎಂದಳು.

"ಐದಿರಬಹುದು, ಸರಿಯಾಗಿ ನೋಡು" ಎಂದೆ.

ಅವಳು ಮಾಪಕವನ್ನು ತೆಗೆದು, ಮತ್ತೆ ಇಟ್ಟು, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿದಳು. "ಆರೇ ಮೇಡಂ" ಎಂದಳು.