ಹಾಸನಾಂಬೆ, 20ನೇ ತಾರೀಕು, ಸಾಂಬಾರ್ ಪುಡಿ

ಹಾಸನದಲ್ಲಿ ಮನೆಯಿದ್ದವರನ್ನು ನೆಂಟರಿಷ್ಟರೆಲ್ಲ ಒಟ್ಟಿಗೇ ನೆನೆಸಿಕೊಳ್ಳುವ ಕಾಲ ಒಂದಿದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆರೆದರೆ, ಬಲಿಪಾಡ್ಯಮಿ ಕಳೆಯುವ ತನಕ ನಮ್ಮ ಮನೆ ಬಾಗಿಲಿಗೂ ಚಿಲಕ ಬೀಳುವುದಿಲ್ಲ. ತುಮಕೂರಿನ ದೊಡ್ಡಮ್ಮ, ಮೈಸೂರಿನ ನಾದಿನಿ, ನಾದಿನಿಯ ಪಕ್ಕದ ಮನೆಯವರು. ರಾತ್ರಿ ಊಟ ಮಾಡಿ ಸಾಲಿಗೆ ನಿಲ್ಲಲು ಹೋದವರು ಬೆಳಗಿನ ಜಾವ ಬಂದು ಕದ ತಟ್ಟುತ್ತಾರೆ. ದೇವರ ಕಾರ್ಯ, ಬೇಡ ಅನ್ನುವ ಹಾಗಿಲ್ಲ. ಬೇಡ ಅನ್ನಿಸುವುದೂ ಇಲ್ಲ, 20ನೇ ತಾರೀಕು ಅದರ ನಡುವೆ ಬಂದು ಕೂರದಿದ್ದರೆ.

ಬಿ.ಎಂ. ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಮ್ಮಂಥವರಿಗೆ ತಿಂಗಳು ಅಂದರೆ ಎರಡೇ ದಿನ. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ದಂಡ ಕಟ್ಟುವವರು ಅಂಗಡಿಯ ಯಜಮಾನರು, ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುವವಳು ನಾನು.

ಅದರ ಜೊತೆಗೆ ನನ್ನದೇ ಒಂದು ವ್ಯಾಪಾರ ಇದೆ: ಸಾಂಬಾರ್ ಪುಡಿ, ಸಾರಿನ ಪುಡಿ, ಒಂದೆರಡು ಬಗೆ ಚಟ್ನಿಪುಡಿ. ಹದ ಅತ್ತೆಯದು. ಲೇಬಲ್ಲು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಗಿರಾಕಿಗಳ ವಾಟ್ಸಾಪ್ ನನ್ನದು. ‘ಹೆಸರಿಗೆ ನೀನು ಒಡತಿ, ಹೊಗೆ ಕುಡಿಯೋಳು ನಾನು’ ಅಂತ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ.

ಶುರು ಮಾಡಿದಾಗ ಸಲಹೆಗೆ ಬರವಿರಲಿಲ್ಲ. ನಾಲ್ಕಕ್ಕೆ ಏಳು, ವೇಳಾಪಟ್ಟಿ ಹಾಕು, ದಿನಕ್ಕೆ ಎರಡು ಗಂಟೆ ವ್ಯಾಪಾರಕ್ಕೆ ಅಂತ ತೆಗೆದಿಡು. ಹೇಳಿದವರಲ್ಲಿ ಯಾರೂ ಒಂದು ಕಿಲೋ ಮೆಣಸಿನಕಾಯಿಯ ತೊಟ್ಟು ಬಿಡಿಸಿ ನೋಡಿದವರಲ್ಲ. ಪುಡಿಯ ಕೆಲಸ ಗಂಟೆಗಳನ್ನು ಕೇಳುವುದಿಲ್ಲ, ಸರಿಯಾದ ಹೊತ್ತನ್ನು ಕೇಳುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡೂ ಗರಿಗರಿಯಾಗಿ ಒಣಗಿರಬೇಕು, ಇಲ್ಲವಾದರೆ ಮಿಲ್ಲಿನಲ್ಲಿ ನುಣ್ಣಗಾಗುವುದಿಲ್ಲ. ಬೇಸಿಗೆಯಲ್ಲಿ ತಾರಸಿ ಮೇಲೆ ಹರಡಿ ಆಫೀಸಿಗೆ ಹೋದರೆ ಮುಗಿಯಿತು. ಅಕ್ಟೋಬರಿನಲ್ಲಿ ಹಿಂಗಾರು ಯಾವ ಹೊತ್ತಿಗೆ ಸುರಿಯುತ್ತದೋ ಹೇಳಲಾಗದು, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಬೇಕು. ಕೊತ್ತಂಬರಿ ಬೀಜ ಬೇರೆ, ಜೀರಿಗೆ ಬೇರೆ, ಬೇಳೆಗಳು ಬೇರೆ. ಮೆಂತ್ಯ ಒಂದು ಗಳಿಗೆ ಹೆಚ್ಚು ಹುರಿದರೂ ಇಡೀ ಪುಡಿ ಕಹಿ.

ಆಮೇಲೆ ಮಿಲ್ಲು. ಖಾರದ ಮಿಲ್ಲಿನಲ್ಲಿ ಬೆಳಗಿನ ಮೊದಲ ಸರದಿಯೇ ನನಗೆ ಬೇಕು, ಯಾಕೆಂದರೆ ನಮಗಿಂತ ಮುಂಚೆ ಯಾರಾದರೂ ಗರಂ ಮಸಾಲೆ ಬೀಸಿಸಿದ್ದರೆ ಅದರ ಲವಂಗದ ವಾಸನೆ ನಮ್ಮ ಸಾರಿನ ಪುಡಿಗೆ ಅಂಟುತ್ತದೆ. ಬೀಸಿದ ಪುಡಿ ಕೈಯಿಡಲಾಗದಷ್ಟು ಬಿಸಿ. ಹಾಗೇ ತುಂಬಿದರೆ ಒಳಗೆ ಬೆವೆತು ಗಂಟು ಕಟ್ಟುತ್ತದೆ, ಆಮೇಲೆ ಬೂಷ್ಟು. ಬಿಳಿ ಪಂಚೆಯ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ಜರಡಿ ಹಿಡಿದು ತುಂಬಬೇಕು.

ಇದನ್ನೆಲ್ಲ ನೋಡುತ್ತ ನೋಡುತ್ತ ನನಗೆ ಒಂದು ದಾರಿ ಹೊಳೆಯಿತು. ಪುಡಿಯ ಕೆಲಸದಲ್ಲಿ ಕೈ ಬೇಕಾದ ಹೊತ್ತು ಎಷ್ಟಿದೆಯೋ ಅದಕ್ಕಿಂತ ಹೆಚ್ಚು ಕಾಯುವ ಹೊತ್ತಿದೆ. ಒಣಗುವುದು, ಆರುವುದು, ಪಾರ್ಸಲ್ ದಾರಿಯಲ್ಲಿರುವುದು, ಇವುಗಳನ್ನೆಲ್ಲ ಆಫೀಸಿನ ವೇಳೆಗೆ ತಳ್ಳಿದರೆ ನನ್ನ ಸಂಬಳದ ಗಂಟೆಗಳಲ್ಲೇ ವ್ಯಾಪಾರವೂ ನಡೆಯುತ್ತಿರುತ್ತದೆ, ಯಜಮಾನರ ಒಂದು ನಿಮಿಷವನ್ನೂ ಕದಿಯದೆ. ತೊಟ್ಟು ಬಿಡಿಸುವುದು ರಾತ್ರಿ, ಹುರಿಯುವುದು ಬೆಳಗಿನ ಜಾವ, ಮಿಲ್ಲು ಏಳಕ್ಕೆ, ಆರುವುದು ಹತ್ತರಿಂದ ಆರು. ತಿಂಗಳಿನಲ್ಲಿ 9ರಿಂದ 11, 18ರಿಂದ 20 ಪುಡಿಗೆ ರಜೆ. ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ, ಆದರೆ ಇದರಲ್ಲಿ ಮಿಲ್ಲಿನವನ ಹೊತ್ತು ನನ್ನ ಕೈಲಿಲ್ಲ.

ಒಂದು ವರ್ಷ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ದೀಪಾವಳಿಗೆ ನೆರೆಹೊರೆಯವರಿಗೆ ಕೊಡಲು ಪುಡಿ ಪೊಟ್ಟಣಗಳನ್ನು ಕೇಳಿದ್ದರು. 20ರ ಸಂಜೆ ಬಸ್ಸಿಗೆ ಹಾಕಬೇಕು, 20ರ ಬೆಳಿಗ್ಗೆ ಬೀಸಿಸಬೇಕು ಅಂತ ನನ್ನ ಲೆಕ್ಕ. ರಜೆಯ ದಿನದಲ್ಲೇ ಬಿದ್ದಿತ್ತು, ಆದರೂ ದೊಡ್ಡ ಆರ್ಡರ್ ಅಂತ ಒಪ್ಪಿದ್ದೆ. 19ರ ಮಧ್ಯಾಹ್ನ ಆಫೀಸಿನಲ್ಲಿ, ಸಪ್ಲೈಯರ್‌ಗಳು ಏರಿಸಿದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಯ 2ಬಿ ಪಟ್ಟಿ ತೆರೆದು ಖರೀದಿ ಬಿಲ್ಲುಗಳನ್ನು ತಾಳೆ ನೋಡುತ್ತಿದ್ದೆ. ಒಬ್ಬ ಸಪ್ಲೈಯರ್ ತನ್ನ ಬಿಲ್ಲನ್ನೇ ಏರಿಸಿರಲಿಲ್ಲ. ಅವನು ಸಮಯಕ್ಕೆ ಏರಿಸದ್ದರಿಂದ ನಾವು ಅವನಿಗೆ ಕೊಟ್ಟ ತೆರಿಗೆ ಈ ತಿಂಗಳು ನಮಗೆ ಕಳೆಯಲು ಸಿಗುವುದಿಲ್ಲ, ಅಷ್ಟನ್ನೂ ಕೈಯಿಂದ ಕಟ್ಟಬೇಕು. ಮುಂದಿನ ತಿಂಗಳಿಗಾದರೂ ಸಿಗುವಂತೆ ಏರಿಸಿ ಅಂತ ಅವನಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಾಗಲೇ ಮಿಲ್ಲಿನವನ ಕರೆ ಬಂತು.

‘ಅಕ್ಕ, ನಾಳೆ ಮಿಲ್ ತೆಗ್ಯಲ್ಲ. ಮನೇವ್ರೆಲ್ಲ ದರ್ಶನಕ್ಕೆ ಹೋಗ್ತಾ ಇದೀವಿ. ಇವತ್ತು ರಾತ್ರಿ ಹತ್ತರೊಳಗೆ ತಂದ್ರೆ ಹಾಕ್ಕೊಡ್ತೀನಿ, ನೋಡಿ.’

ಹಾಸನಾಂಬೆ ಅವನಿಗೂ ತಾಯಿಯೇ ಅಲ್ಲವೇ, ಏನು ಹೇಳಲಿ. ಮೆಣಸಿನಕಾಯಿ ಇನ್ನೂ ಚೀಲದಲ್ಲೇ ಇತ್ತು. ಮನೆಗೆ ಫೋನು ಮಾಡಿ ಅತ್ತೆಗೆ ವಿಷಯ ಹೇಳಿ ಮತ್ತೆ ಬಿಲ್ಲುಗಳಿಗೆ ಕೂತೆ. ಎದ್ದು ಹೋಗಬಹುದಿತ್ತು, ಹಬ್ಬದ ನೆವ ಇತ್ತು. ಆದರೆ ನನ್ನ ವ್ಯಾಪಾರದ ಸಂಗತಿ ಯಜಮಾನರಿಗೆ ಗೊತ್ತು. ಕೆಲಸಕ್ಕೆ ಅಡ್ಡ ಬರಬಾರದು ಎನ್ನುವ ಮಾತಿನ ಮೇಲೆ ಒಪ್ಪಿದವರು ಅವರು. ಒಂದು ಸಂಜೆ ಬೇಗ ಹೊರಟರೆ ಆ ಮಾತು ಸಡಿಲವಾಗುತ್ತದೆ. ಆಫೀಸಿನಲ್ಲಿ ಗಿರಾಕಿಗಳ ಮೆಸೇಜಿಗೂ ಊಟದ ಹೊತ್ತಿನಲ್ಲಿ ಮಾತ್ರ ಉತ್ತರ ಕೊಡುವುದು ಇದಕ್ಕೇ.

ಏಳು ಗಂಟೆಗೆ ಮನೆಗೆ ಬಂದು ನೋಡಿದರೆ ಹಾಲ್ ತುಂಬ ಪೇಪರು ಹಾಸಿ ನೆಂಟರೆಲ್ಲ ಸುತ್ತ ಕೂತಿದ್ದಾರೆ. ತುಮಕೂರಿನ ದೊಡ್ಡಮ್ಮನದು ಮೇಸ್ತ್ರಿಕೆ.

‘ಟೀವಿ ನೋಡಕ್ಕೆ ಇಲ್ಲಿಗೆ ಬರ್ಬೇಕಿತ್ತಾ? ತೊಟ್ಟು ಸುಲೀರಿ. ಸಾಲಲ್ಲಿ ನಿಂತ್ಕಳೋಕೆ ಇನ್ನೂ ಹೊತ್ತೈತೆ.’

ನಾದಿನಿಯ ಪಕ್ಕದ ಮನೆಯವರು, ನಮ್ಮ ಮನೆಗೆ ಮೊದಲ ಸಲ ಬಂದವರು, ಸೀನುತ್ತ ಸೀನುತ್ತ ತೊಟ್ಟು ಕೀಳುತ್ತಿದ್ದರು. ನನಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಒಲೆಯ ಮುಂದೆ ಅತ್ತೆ ಮಾತ್ರ ನಿಧಾನವಾಗಿ ಕೈಯಾಡಿಸುತ್ತಿದ್ದರು. ಉರಿ ಸ್ವಲ್ಪ ಜಾಸ್ತಿ ಮಾಡೋಣವಾ ಅಂದೆ.

‘ಕೊತ್ತಂಬ್ರಿ ನಿನ್ನ ಮಿಲ್ಲಿನ ಟೈಮ್ ನೋಡ್ಕಂಡು ಹುರಿಯಲ್ಲ ಕಣಮ್ಮ. ನೀನು ಹೋಗಿ ಮುಖ ತೊಳ್ಕೊ.’

ಗುಡಿಯ ಸುತ್ತಿನ ರಸ್ತೆಗಳಿಗೆಲ್ಲ ಬ್ಯಾರಿಕೇಡ್ ಬಿದ್ದಿತ್ತು. ನಮ್ಮವರು ಡಬ್ಬಗಳನ್ನು ಸ್ಕೂಟರಿನ ಮುಂದಿಟ್ಟುಕೊಂಡು ರಿಂಗ್ ರಸ್ತೆ ಸುತ್ತಿಕೊಂಡು ಹೋಗಿ ಬಂದರು. ಅಲ್ಲಿಗೆ ಇನ್ನೊಂದು ಪೇಚು. ಬಿಸಿ ಪುಡಿ ಹರವಬೇಕಾದ ಹಾಲ್‌ನಲ್ಲಿ ನೆಂಟರ ಹಾಸಿಗೆ ಹಾಸಬೇಕು. ಕೊನೆಗೆ ನಮ್ಮ ಮಂಚದ ಹಾಸಿಗೆ ಎತ್ತಿಟ್ಟು ಹಲಗೆಯ ಮೇಲೆ ಪಂಚೆ ಹಾಸಿ ಹರವಿದೆವು. ನಾವಿಬ್ಬರೂ ಅಡುಗೆಮನೆಯಲ್ಲಿ ಮಲಗಿದೆವು. ಜಾವದಲ್ಲಿ ದರ್ಶನ ಮುಗಿಸಿ ಬಂದ ಹುಡುಗನೊಬ್ಬ ಕತ್ತಲಲ್ಲಿ ಮಂಚ ಖಾಲಿಯಿದೆ ಅಂತ ಆ ಕೋಣೆಗೆ ನುಗ್ಗಿ, ಪುಡಿಯ ಮೇಲೆ ಕೂರುವ ಮೊದಲೇ ಘಾಟಿಗೆ ಹೊರಗೆ ಓಡಿ ಬಂದದ್ದು ಈಗಲೂ ನಮ್ಮ ಮನೆಯಲ್ಲಿ ನಗುವಿನ ಸಂಗತಿ.

ಮರುದಿನದ್ದು ಹೆಚ್ಚು ಹೇಳುವಂಥದ್ದಲ್ಲ. ಬೆಳಿಗ್ಗೆ ನೆಂಟರು ಹೊರಡುವ ಮೊದಲು ಜರಡಿ ಹಿಡಿದು ತುಂಬಿದೆವು. ಆಫೀಸಿನಲ್ಲಿ ಪೋರ್ಟಲ್ ತೆವಳುತ್ತಿತ್ತು, ಸಂಜೆಯೊಳಗೆ 3ಬಿ ಹೋಯಿತು. ಸಪ್ಲೈಯರನ ಬಿಲ್ಲಿನ ತೆರಿಗೆಯನ್ನು ಕೈಯಿಂದಲೇ ಕಟ್ಟಿದ್ದಾಯಿತು, ಆ ಕ್ರೆಡಿಟ್ ಮುಂದಿನ ತಿಂಗಳಿಗೆ ಬಿತ್ತು. ಕೆಎಸ್‌ಆರ್‌ಟಿಸಿ ಕಾರ್ಗೋದಲ್ಲಿ ಪೆಟ್ಟಿಗೆಗಳು ಹೊರಟವು.

ಹಬ್ಬ ಕಳೆದ ಮೇಲೆ ನಮ್ಮವರು ಕೇಳಿದರು, ‘ಇಷ್ಟೆಲ್ಲ ಒದ್ದಾಡೋ ಬದ್ಲು ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಕೂತ್ಕೋಬಾರ್ದಾ?’ ಕಿರು ಆಹಾರ ಉದ್ಯಮಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ತೆಗೆದರೆ ಶೇ 35 ಸಬ್ಸಿಡಿ, 10 ಲಕ್ಷದವರೆಗೆ, ಅಂತ ಅವರು ಎಲ್ಲೋ ಓದಿದ್ದರು. ನನ್ನ ಲೆಕ್ಕ ಬೇರೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ತುಂಬಿ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ವರ್ಷಕ್ಕಾಗುವಷ್ಟು ಆಗಲೇ ಕೊಂಡಿಟ್ಟರೆ ಉಂಟು ಲಾಭ, ಕೊಳ್ಳುವ ದುಡ್ಡು ಬರುವುದು ಸಂಬಳದಿಂದ. ನನಗೆ ಕಡಿಮೆ ಬೀಳುತ್ತಿರುವುದು ದಿನದ ಎಂಟು ಗಂಟೆಯಲ್ಲ, ಬೆಳಗಿನ ಏಳು ಗಂಟೆಯ ಮಿಲ್ಲು. ಅದನ್ನು ಬೇಕಾದರೆ ಕೊಳ್ಳಬಹುದು. ಮನೆಯ ಕರೆಂಟಿಗೇ ಓಡುವ ಸಣ್ಣ ಪುಡಿ ಮಾಡುವ ಮಿಷಿನ್ನು, ಹಿತ್ತಲಿನ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ. ಅತ್ತೆಗೆ ಅದರ ಸದ್ದಿನದೇ ಚಿಂತೆ.

ಮಿಷಿನ್ ವಿಚಾರ ಮೊದಲು ಕೇಳಿದ್ದು ಮಿಲ್ಲಿನವನನ್ನೇ. ಗಿರಾಕಿ ಹೋಗುತ್ತದೆ ಅಂತ ಮುಖ ಗಂಟು ಹಾಕುತ್ತಾನೇನೋ ಅಂದುಕೊಂಡಿದ್ದೆ. ಇಲ್ಲ, ತನ್ನ ಮಿಷಿನ್ನಿನ ಮುಚ್ಚಳ ಬಿಚ್ಚಿ ಒಳಗಿನ ಜಾಲರಿ ತೋರಿಸಿದ.

‘ತಗೊಳಿ ಅಕ್ಕ, ಒಳ್ಳೇದೇ. ಆದ್ರೆ ಒಂದೊಂದ್ ಪುಡಿ ಬೀಸಿದ್ ಮೇಲೂ ಇದನ್ನೆಲ್ಲ ಬಿಚ್ಚಿ ಒರೆಸ್ಬೇಕು. ಅರ್ಧ ಗಂಟೆ ಹಿಡೀತೈತೆ. ಇಷ್ಟ್ ದಿನ ಅದನ್ನ ನಾನು ಮಾಡ್ತಿದ್ದೆ, ನಿಮಗೆ ಕಾಣ್ತಿರ್ಲಿಲ್ಲ ಅಷ್ಟೆ.’

ನಾಲ್ಕು ಬಗೆ ಪುಡಿಗೆ ನಾಲ್ಕು ಅರ್ಧ ಗಂಟೆ. ಆ ಎರಡು ಗಂಟೆಯನ್ನು ಎಲ್ಲಿಂದ ತರುವುದು ಅಂತ ನಾನೂ ಅತ್ತೆಯೂ ಇನ್ನೂ ಮಾತಾಡುತ್ತಿದ್ದೇವೆ. ಒಂದು ವಾರ ಒಂದೇ ಬಗೆ ಪುಡಿ ಬೀಸೋಣ ಎನ್ನುವುದು ನನ್ನ ವಾದ. ಒರೆಸುವವರು ಯಾರು ಎನ್ನುವುದು ಅವರ ಪ್ರಶ್ನೆ.