ಮೂರು ಮ್ಯಾಟು, ಒಂದು ಕೇಬಲ್ಲು

17 ನವೆಂಬರ್ 2024, ಭಾನುವಾರ, ಮೈಸೂರು

ಕೈಯಿಂದ ಪೆಟ್ರೋಲ್ ವಾಸನೆ ಇನ್ನೂ ಹೋಗಿಲ್ಲ, ಎರಡು ಸಲ ಸೀಗೆಪುಡಿ ಹಾಕಿ ಉಜ್ಜಿದ್ದಾಯ್ತು. ನಾಳೆ ಹೇಗೂ ಕನಕ ಜಯಂತಿ ರಜೆ, ಅದಕ್ಕೇ ಅಪ್ಪನ ಕಾರಿನ ಆಕ್ಸಿಲರೇಟರ್ ಕೇಬಲ್ ಬದಲಾಯಿಸಿದ ಕಥೆ ಇವತ್ತೇ ಕೂತು ಬರೆದುಬಿಡ್ತೀನಿ.

ಅಪ್ಪನ ಮಾರುತಿ 800 ಬಗ್ಗೆ ಹಿಂದೆ ಬರೆದಿದ್ದೆ ಅಲ್ವಾ, 1987ರದ್ದು, ಮೂರು ಸಿಲಿಂಡರ್, 796 ಸಿಸಿ, ಅಪ್ಪ 94ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇದನ್ನ ಕ್ಲಾಸಿಕ್ ಅಂದ್ರೆ ನನ್ನ ಭಾವ ನಗ್ತಾರೆ. ಸರ್ಕಾರದ ರೂಲ್ಸ್ ಪ್ರಕಾರ ವಿಂಟೇಜ್ ಅನ್ನೋಕೆ ಐವತ್ತು ವರ್ಷ ದಾಟಿರಬೇಕು, ಆ ಲೆಕ್ಕದಲ್ಲಿ ನಮ್ಮ ಗಾಡಿಗೆ 2037ರವರೆಗೂ ಟೈಮ್ ಇದೆ. ಇರ್ಲಿ, ನಮ್ಮನೇಲಿ ಅದು ಕ್ಲಾಸಿಕ್ಕೇ.

ಶುಕ್ರವಾರ ಸಾಯಂಕಾಲ ರಾಮಸ್ವಾಮಿ ಸರ್ಕಲ್ ಹತ್ರ ಬರ್ತಿದ್ದೆ, ಸಿಗ್ನಲ್ ಕೆಂಪಾಯ್ತು ಅಂತ ಕಾಲು ತೆಗೆದ್ರೆ ರೇಸ್ ಇಳೀತಾನೇ ಇಲ್ಲ. ಕ್ಲಚ್ ಒತ್ತಿದ್ದೇ ತಡ ಇಂಜಿನ್ನು ಗಿರಣಿ ಥರ ಕಿರುಚೋಕೆ ಶುರು, ಪಕ್ಕದ ಆಟೋದವ್ರು ನಾನೇನೋ ಶೋಕಿ ಮಾಡ್ತಿದೀನಿ ಅಂತ ಒಂದು ಥರ ನೋಡಿದ್ರು. ಬ್ರೇಕ್ ಹಿಡಿದು ಕೀನ ಒಂದು ಕ್ಲಿಕ್ ಮಾತ್ರ ಹಿಂದಕ್ಕೆ ತಿರುಗಿಸಿದೆ (ಗಾಡಿ ಓಡ್ತಿರುವಾಗ ಪೂರ್ತಿ ತಿರುಗಿಸಿ ಕೀ ಎಳೆದ್ರೆ ಸ್ಟೇರಿಂಗ್ ಲಾಕ್ ಆಗತ್ತೆ, ಇದನ್ನ ಡ್ರೈವಿಂಗ್ ಸ್ಕೂಲಲ್ಲಿ ಯಾರೂ ಹೇಳ್ಕೊಡಲ್ಲ). ಸೈಡಿಗೆ ತಳ್ಳಿ ಬಾನೆಟ್ ಎತ್ತಿದ್ರೆ ಆಕ್ಸಿಲರೇಟರ್ ಕೇಬಲ್ಲು ಕಾರ್ಬ್ರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಕಡೆ ತುದೀಲಿ ಎಳೆಎಳೆಯಾಗಿ ಬಿಚ್ಕೊಂಡಿದೆ, ಹರಿದ ಎಳೆಗಳೆಲ್ಲಾ ಔಟರ್, ಅಂದ್ರೆ ಕೇಬಲ್ಲಿನ ಹೊರಗಿನ ಕೊಳವೆ ಬಾಯಲ್ಲಿ ಮುಳ್ಳಿನ ಹಾಗೆ ಸಿಕ್ಕಿ ಕೂತಿವೆ, ಹಾಗಾಗಿ ರಿಟರ್ನ್ ಸ್ಪ್ರಿಂಗ್ ಎಷ್ಟು ಎಳೆದ್ರೂ ರೇಸ್ ಕೊಡೋ ಥ್ರಾಟಲ್ ಲಿವರ್ ವಾಪಸ್ ಬರ್ತಿಲ್ಲ. ಕಟಿಂಗ್ ಪ್ಲೇಯರಲ್ಲಿ ಆ ಎಳೆಗಳನ್ನ ಕತ್ತರಿಸಿ, ಉಳಿದ ಎರಡು ಮೂರು ಎಳೆ ನಂಬ್ಕೊಂಡು ಸೆಕೆಂಡ್ ಗೇರಲ್ಲೇ ಮನೆ ಸೇರಿದೆ.

ಶನಿವಾರ ಹೊಸ ಕೇಬಲ್ ಹುಡುಕಾಟ. "ಹಳೇದನ್ನ ಬಿಚ್ಚಿ ಸ್ಯಾಂಪಲ್ಲಿಗೆ ತಗೊಂಡು ಹೋಗೋ" ಅಂತ ಅಪ್ಪ ಹೇಳಿದ್ರು, ನಾನು ಕೇಳಲಿಲ್ಲ. ಅಂಗಡಿಯವ್ರು "ಎಲ್ಲಾ 800ಗೂ ಒಂದೇ ಸಾರ್" ಅಂತ ಕೊಟ್ಟುಬಿಟ್ರು. ಮನೆಗೆ ತಂದು ಪಕ್ಕದಲ್ಲಿ ಹಿಡಿದ್ರೆ ಔಟರ್ರೇ ಒಂದು ಗೇಣು ಉದ್ದ, ಕಾರ್ಬ್ರೇಟರ್ ಗಾಡಿದು ಬೇರೆ, ಆಮೇಲೆ ಬಂದ ಇಂಜೆಕ್ಷನ್ ಗಾಡಿದು ಬೇರೆ. ಅಪ್ಪ ಏನೂ ಅನ್ನಲಿಲ್ಲ, ಪೇಪರ್ ಮಡಚಿ ಒಳಗೆ ಹೋದ್ರು, ಅದು ಬೈಯೋದಕ್ಕಿಂತ ಜಾಸ್ತಿ. ಮತ್ತೆ ಹೋಗಿ ಬದಲಾಯಿಸ್ಕೊಂಡು ಬಂದೆ.

ಇವತ್ತು ಬೆಳಗ್ಗೆ ತಿಂಡಿ ಆದ್ಮೇಲೆ ಶುರು. ಏರ್ ಫಿಲ್ಟರ್ ಡಬ್ಬಿ ತೆಗೆದ್ರೆ ಕಾರ್ಬ್ರೇಟರ್ ಪೂರ್ತಿ ಕಾಣತ್ತೆ. ಬ್ರಾಕೆಟ್ಟಿನ ಎರಡು ನಟ್ಟು ಸಡಿಲ ಮಾಡಿ, ಹೆಬ್ಬೆರಳಲ್ಲಿ ಥ್ರಾಟಲ್ ಲಿವರನ್ನ ಪೂರ್ತಿ ತಿರುಗಿಸಿ ಹಿಡಿದ್ರೆ ಒಳಗಿನ ವೈರು ಸಡಿಲ ಆಗತ್ತೆ, ತುದೀಲಿರೋ ಲೋಹದ ಗುಂಡು ತೂತಿಂದ ಜಾರಿ ಬರತ್ತೆ. ಈ ಕಡೆ ಐದೇ ನಿಮಿಷ. ಪೆಡಲ್ ಕಡೆ ಮಾತ್ರ ನರಕ, ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಕೊಂಡು, ಕಾಲು ಬಾಗಿಲಿಂದ ಹೊರಗೆ. ನನ್ನ ಮಗಳು ಫೋಟೋ ತೆಗ್ದು ಫ್ಯಾಮಿಲಿ ಗ್ರೂಪಿಗೆ ಹಾಕಿದಾಳೆ.

ಹೊಸದನ್ನ ಹಾಕುವಾಗ ಒಂದು ಗಮನ, ಕೇಬಲ್ ಎಲ್ಲೂ ಚೂಪಾಗಿ ಮಡಚಬಾರ್ದು, ಸೈಲೆನ್ಸರ್ ಕಡೆ ಬಿಸಿಗೂ ತಾಕಬಾರ್ದು. ಇನ್ನೊಂದು, ಇಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿರೋದು, ಗೇರ್ ಹಾಕಿ ಎಳೆದಾಗ ಅಲ್ಲಾಡತ್ತೆ, ಕೇಬಲ್ ಬಿಗಿಯಾಗಿದ್ರೆ ಆ ಅಲ್ಲಾಟಕ್ಕೇ ತಾನಾಗಿ ರೇಸ್ ಆಗಿಬಿಡತ್ತೆ. ಅದಕ್ಕೇ ಸ್ವಲ್ಪ ಪ್ಲೇ, ಅಂದ್ರೆ ಸಡಿಲ, ಬಿಡಬೇಕು.

ಇಷ್ಟೆಲ್ಲಾ ಗೊತ್ತಿದ್ದೂ ನಾನು ಮಾಡಿದ ತಪ್ಪು ಕೇಳಿ. ತಣ್ಣಗಿದ್ದ ಗಾಡಿ, ಚೋಕ್ (ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋಕೆ ಎಳೆಯೋ ಗುಂಡಿ) ಅರ್ಧ ಎಳೆದೇ ಇತ್ತು, ಹಾಗೇ ಕೇಬಲ್ ಪ್ಲೇ ನೋಡಿ ನಟ್ ಟೈಟ್ ಮಾಡಿದೆ. ಸ್ಟಾರ್ಟ್ ಆಯ್ತು, ಬಿಸಿ ಆಯ್ತು, ಚೋಕ್ ತಳ್ಳಿದೆ, ಐಡ್ಲಿಂಗ್ (ಪೆಡಲ್ ಒತ್ತದೇ ಇದ್ದಾಗ ಇಂಜಿನ್ ಓಡೋ ವೇಗ) ಮಾತ್ರ ಇಳೀತಿಲ್ಲ, ಹೊಯ್ ಅಂತ ಓಡ್ತಾನೇ ಇದೆ. ಸ್ಕ್ರೂಡ್ರೈವರ್ ತಗೊಂಡು ಐಡ್ಲಿಂಗ್ ಸ್ಕ್ರೂಗೆ ಕೈ ಹಾಕಿದೆ, ಅಷ್ಟರಲ್ಲಿ ವರಾಂಡದಿಂದ ಅಪ್ಪ, "ಲೋ, ಸ್ಕ್ರೂ ಮುಟ್ಟಬೇಡ ಕಣೋ! ಮೊದ್ಲು ಚೋಕ್ ನೋಡು." ಆಗ ತಲೆಗೆ ಹೋಯ್ತು. ಚೋಕ್ ಎಳೆದಾಗ ಅದೇ ಥ್ರಾಟಲ್ ಲಿವರನ್ನೂ ಒಂಚೂರು ತೆರೆದು ಹಿಡಿದಿರತ್ತೆ, ಆಗ ಕೇಬಲ್ ಇರೋದಕ್ಕಿಂತ ಸಡಿಲವಾಗಿ ಕಾಣತ್ತೆ, ಆ ಸಡಿಲನ ನಾನು ತೆಗೆದುಬಿಟ್ಟೆ, ಈಗ ಚೋಕ್ ತಳ್ಳಿದ್ರೂ ಲಿವರ್ ಪೂರ್ತಿ ಮುಚ್ಕೊಳ್ಳೋಕೆ ಕೇಬಲ್ಲೇ ಬಿಡ್ತಿಲ್ಲ. ಬಿಸಿ ಇಂಜಿನ್ನಲ್ಲಿ, ಚೋಕ್ ಪೂರ್ತಿ ಒಳಗಿಟ್ಟು, ಮತ್ತೆ ಪ್ಲೇ ಬಿಟ್ಟು ಎರಡೂ ನಟ್ ಒಂದಕ್ಕೊಂದು ಬಿಗಿ ಮಾಡಿದೆ. ಐಡ್ಲಿಂಗ್ ಪಟ್ ಅಂತ ಕೂತ್ಕೊಂಡ್ತು.

ಕೆಲಸ ಮುಗೀತು ಅನ್ಕೊಂಡೆ, ಇಂಜಿನ್ ಆಫ್ ಮಾಡಿದೆ. ಕೊನೇ ಚೆಕ್ಕಿಗೆ ಅಂತ ಅಪ್ಪನ್ನ ಸೀಟಲ್ಲಿ ಕೂರಿಸಿ, "ಪೂರ್ತಿ ಒತ್ತಿ ಅಪ್ಪ" ಅಂದೆ. ಅವರು ಒತ್ತಿದ್ರು. ನಾನು ಲಿವರನ್ನ ಕೈಯಲ್ಲಿ ತಳ್ಳಿ ನೋಡಿದ್ರೆ ಅದು ಇನ್ನೂ ಒಂದು ಬೆರಳಗಲ ಮುಂದೆ ಹೋಗ್ತಿದೆ!

"ಪೂರ್ತಿ ಒತ್ತಿದೀರಾ?"

"ಇನ್ನೇನು ನೆಲ ತೂತು ಮಾಡ್ಲಾ?"

ಮತ್ತೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ. ಪೆಡಲ್ ಒತ್ತಿ ಕೂತಿರೋದು ನೆಲದ ಮೇಲಲ್ಲ, ಮ್ಯಾಟ್ ಮೇಲೆ. ಎತ್ತಿದ್ರೆ ಮೇಲೊಂದು ರಬ್ಬರ್ ಮ್ಯಾಟು, ಅದರ ಕೆಳಗೆ ತೆಂಗಿನ ನಾರಿನ ಮ್ಯಾಟು, ಅದು ಅಮ್ಮ ಇದ್ದಾಗ ಮಳೆಗಾಲದಲ್ಲಿ ಕೆಸರಾಗತ್ತೆ ಅಂತ ಕತ್ತರಿಸಿ ಹಾಸಿದ್ದು, ಅದರ ಕೆಳಗೆ ಹಳೇ ವಿನೈಲು. ಅಂದ್ರೆ ಇಷ್ಟು ವರ್ಷ ಈ ಗಾಡೀಲಿ ಯಾರೂ ಫುಲ್ ಥ್ರಾಟಲ್ ಕೊಟ್ಟೇ ಇಲ್ಲ! ಗಾಡಿ ಏರಲ್ಲಿ ಎಳೆಯಲ್ಲ ಅಂದ್ರೆ "800 ಸಿಸಿ ಕಣೋ, ಇನ್ನೆಷ್ಟು ಎಳೀತದೆ" ಅಂತ ಅಪ್ಪ, ಪಿಸ್ಟನ್ ರಿಂಗ್ ಹೋಗಿದೆ ಅಂತ ಮೇಸ್ತ್ರಿ, ಇಂಜಿನ್ ಕೆಲಸಕ್ಕೆ ದುಡ್ಡು ಎತ್ತಿಡ್ತಿದ್ದ ನಾನು. ಕೇಬಲ್ ಹರೀದೇ ಇದ್ದಿದ್ರೆ ಇಂಜಿನ್ ಬಿಚ್ಚಿಸೇ ಬಿಡ್ತಿದ್ದೆ.

ನೆಲದ ವಿನೈಲೊಂದು ಬಿಟ್ಟು ಮೇಲಿನ ಎರಡೂ ತೆಗೆದೆ. ಈಗ ಒತ್ತಿದ್ರೆ ಲಿವರ್ ಸ್ಟಾಪಿಗೆ ಹೋಗಿ ತಾಕ್ತು, ಬಿಟ್ರೆ ಟಪ್ ಅಂತ ವಾಪಸ್ಸು.

ಮಧ್ಯಾಹ್ನ ಊಟ ಆಗಿದ್ದೇ ಚಾಮುಂಡಿ ಬೆಟ್ಟಕ್ಕೆ ಹೊರಟ್ವಿ, ಭಾನುವಾರದ ರಶ್ ಬೇಡ ಅಂತ ಉತ್ತನಹಳ್ಳಿ ಕಡೆಯಿಂದ. ಅಪ್ಪನೇ ಓಡಿಸ್ತೀನಿ ಅಂದ್ರು. ಏರು ಶುರುವಾಗ್ತಿದ್ದ ಹಾಗೆ ಅವರ ಕೈ ಅಭ್ಯಾಸಬಲದಿಂದ ಸೆಕೆಂಡ್ ಗೇರಿಗೆ ಅಂತ ಹೋಯ್ತು, "ಬೇಡ, ಥರ್ಡಲ್ಲೇ ಇರ್ಲಿ, ಒತ್ತಿ ನೋಡಿ" ಅಂದೆ. ಒತ್ತಿದ್ರು. ಗಾಡಿ ಎಳ್ಕೊಂಡು ಹೋಯ್ತು ನೋಡಿ, ಎಸಿ ಇಲ್ಲದ ಹಗುರ ಗಾಡಿ ಬೇರೆ, ಮುಂದಿದ್ದ ಬೈಕಿನವ್ನು ತಿರುಗಿ ನೋಡ್ದ. ಅಪ್ಪ ಒಂದು ಮಾತಾಡ್ಲಿಲ್ಲ. ಮೇಲೆ ಹೋಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲ ಕೆಳಗೆ ಬಗ್ಗಿ ನೋಡಿದ್ರು. "ಆ ನಾರಿನ ಮ್ಯಾಟು ಎಲ್ಲಿಟ್ಟೆ?"

"ಡಿಕ್ಕೀಲಿದೆ."

"ಎಸೀಬೇಡ. ಹಿಂದಿನ ಸೀಟಿನ ಹತ್ರ ಹಾಸು."