ಹಬ್ಬದ ಊರಲ್ಲಿ ಮೂವರಿಗೆ ಹಾಸಿಗೆ

14 ಸೆಪ್ಟೆಂಬರ್ 2025, ಭಾನುವಾರ
ಪಾಸಿಂಗ್, ಮ್ಯೂನಿಕ್

ಚಿಕ್ಕಪ್ಪನ ಮಗ ಇದೇ 22ರ ಸೋಮವಾರ ಬೆಂಗಳೂರಿನಿಂದ ಇಲ್ಲಿಗೆ ಬಂದಿಳಿಯುತ್ತಾನೆ. ಜೊತೆಯಲ್ಲಿ ಅವನ ಇಬ್ಬರು ಸಹಪಾಠಿಗಳು. ಮೂವರಿಗೂ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಸೀಟು ಸಿಕ್ಕಿದೆ, ವಿದ್ಯಾರ್ಥಿನಿಲಯದಲ್ಲಿ ಕೋಣೆಯೂ ಸಿಕ್ಕಿದೆ. ಆದರೆ ಆ ಕೋಣೆಯ ಕರಾರು ಶುರುವಾಗುವುದು ಅಕ್ಟೋಬರ್ 1ಕ್ಕೆ. ನಡುವಿನ ರಾತ್ರಿಗಳಿಗೆ ಎಲ್ಲಾದರೂ ಜಾಗ ನೋಡು ಎಂದು ಚಿಕ್ಕಮ್ಮ ನನಗೆ ಹೇಳಿ ತಿಂಗಳಾಯಿತು. ಇಲ್ಲಿನ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್ ಶುರುವಾಗುವುದು 20ರ ಶನಿವಾರ, ಮುಗಿಯುವುದು ಅಕ್ಟೋಬರ್ 5ರ ಭಾನುವಾರ. ಹುಡುಗರು ಬರುತ್ತಿರುವುದು ಸರಿಯಾಗಿ ಹಬ್ಬದ ಹೊಟ್ಟೆಯೊಳಕ್ಕೆ.

ಪ್ರತಿವರ್ಷ ನಮ್ಮ ಕಡೆಯಿಂದ ಬರುವ ಮಕ್ಕಳಿಗೆಲ್ಲ ಇದೇ ಪಾಡು. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ಗೆ ಆರಂಭ. ಬ್ಯಾಂಕು, ವಿಮೆ, ಪ್ರವೇಶದ ಕಾಗದಪತ್ರ ಅಂತ ಓಡಾಡಲು ಒಂದೆರಡು ವಾರ ಮೊದಲೇ ಬರಬೇಕು. ಆ ಒಂದೆರಡು ವಾರಗಳಲ್ಲೇ ಜಗತ್ತಿನ ಅತಿದೊಡ್ಡ ಬಿಯರ್ ಹಬ್ಬ. 16 ಲಕ್ಷ ಜನರ ಈ ಊರಿಗೆ ಹೋದ ವರ್ಷ ಹಬ್ಬದ ದಿನಗಳಲ್ಲಿ ಬಂದುಹೋದವರ ಲೆಕ್ಕ 67 ಲಕ್ಷ. ಬಿಯರ್ ಮುಟ್ಟದ ಹುಡುಗನೂ ಬಿಯರ್ ಹಬ್ಬದ ಬಾಡಿಗೆ ಕೊಟ್ಟೇ ಮಲಗಬೇಕು. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಸಾಲ ಮಾಡಿ ಬರುವ ಮಕ್ಕಳು ಮೊದಲ ವಾರದಲ್ಲೇ ಎರಡು ತಿಂಗಳ ಖರ್ಚಿನ ದುಡ್ಡು ಕಳೆದುಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಈ ಸಲ ಇನ್ನೂ ಬಿಗಿ. ಐಎಎ ಕಾರು ಪ್ರದರ್ಶನ ಇವತ್ತಷ್ಟೇ ಮುಗಿಯಿತು. ಆ ಜನ ಖಾಲಿ ಮಾಡಿದ ಹೋಟೆಲುಗಳಿಗೆ ವಾರದೊಳಗೆ ಹಬ್ಬದ ಜನ. ಹಬ್ಬ ಮುಗಿದ ಮರುದಿನವೇ, ಅಕ್ಟೋಬರ್ 6ಕ್ಕೆ, ಎಕ್ಸ್‌ಪೋ ರಿಯಲ್ ಎಂಬ ಆಸ್ತಿ ವ್ಯವಹಾರದ ದೊಡ್ಡ ಮೇಳ. ಹೋಟೆಲಿನವರಿಗೆ ದರ ಇಳಿಸುವ ದರ್ದು ಎಲ್ಲಿಂದ ಬರಬೇಕು?

ಹಬ್ಬದ ಮೈದಾನ ಎಲ್ಲಿದೆ ಎನ್ನುವುದೂ ಕಾರಣವೇ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ರಾಜಕುಮಾರಿ ತೆರೇಸಾ ಅವರ ಮದುವೆ ಆಯಿತು. ಆ ಸಂಭ್ರಮಕ್ಕೆ ಊರ ಬಾಗಿಲಾಚೆಯ ಹುಲ್ಲುಗಾವಲಿನಲ್ಲಿ ಕುದುರೆ ಓಟ ನಡೆಯಿತು, ಮದುಮಗಳ ಹೆಸರೇ ಆ ಬಯಲಿಗೆ ನಿಂತಿತು, ತೆರೇಸಿಯನ್‌ವೀಸ ಎಂದು. ಆಗ ಅದು ಊರಾಚೆ. ಈಗ ಊರೇ ಬೆಳೆದು ಅದನ್ನು ಸುತ್ತುವರಿದಿದೆ. ಮುಖ್ಯ ರೈಲುನಿಲ್ದಾಣದಿಂದ ನಡೆದೇ ಹೋಗಬಹುದು. ಹಾಗಾಗಿ ನಿಲ್ದಾಣದ ದಕ್ಷಿಣಕ್ಕಿರುವ ಬೀದಿಗಳಲ್ಲಿ, ಮಾಮೂಲಿ ದಿನಗಳಲ್ಲಿ ಬಡ ಪ್ರವಾಸಿಗರಿಗೆ ಆಸರೆಯಾಗುವ ಅಗ್ಗದ ಲಾಡ್ಜುಗಳೇ ಹಬ್ಬದಲ್ಲಿ ಎಲ್ಲಕ್ಕಿಂತ ತುಟ್ಟಿ. ನಾನು ನೋಡಿದಾಗ ಎಂಟು ಜನ ಮಲಗುವ ಕೋಣೆಯಲ್ಲಿ ಒಂದು ಮಂಚಕ್ಕೆ ರಾತ್ರಿಗೆ 110 ಯೂರೋ ತೋರಿಸುತ್ತಿತ್ತು. ಮೂವರಿಗೆ ಲೆಕ್ಕ ಹಾಕಿ ಪುಟ ಮುಚ್ಚಿಬಿಟ್ಟೆ.

ನೋಯ್‌ಹೌಸನ್‌ನ ಯೂತ್ ಹಾಸ್ಟೆಲ್ ಭರ್ತಿ. ಟಾಲ್‌ಕಿರ್ಶನ್‌ನಲ್ಲಿ ಇಸಾರ್ ನದಿಯ ದಡದ ಕ್ಯಾಂಪಿಂಗ್ ಜಾಗ ಇದೆ, ಸ್ವಂತ ಡೇರೆ ಇದ್ದವರಿಗೆ ಒಳ್ಳೆಯದು. ಬೊಟಾನಿಕಲ್ ಗಾರ್ಡನ್ ಹತ್ತಿರ ‘ದಿ ಟೆಂಟ್’ ಎಂಬ ಯುವಜನರ ಶಿಬಿರವಿದೆ, 17ನೇ ನಂಬರಿನ ಟ್ರಾಮ್ ಹಿಡಿದರೆ ಅಲ್ಲೇ ಇಳಿಯಬಹುದು. ದೊಡ್ಡ ಡೇರೆಯೊಳಗೆ ನೆಲದ ಮೇಲೆ ಚಾಪೆ, ಕಂಬಳಿ, ಸಂಜೆಗೆ ಬೆಂಕಿ. ಬೆನ್ನಿಗೊಂದು ಚೀಲ ಹಾಕಿಕೊಂಡು ಹಬ್ಬಕ್ಕೆಂದೇ ಬರುವ ಹುಡುಗ ಹುಡುಗಿಯರಿಗೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ಹಬ್ಬದ ದಿನಗಳಲ್ಲಿ ಮ್ಯೂನಿಕ್ ಒಳಗೇ ಅಷ್ಟು ಸೋವಿಯ ಜಾಗ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ಈ ಮೂವರು ಹೊತ್ತು ತರುವುದು ಎರಡು ವರ್ಷದ ಸಾಮಾನು, ಕುಕ್ಕರ್ ಸಮೇತ. ಸೆಪ್ಟೆಂಬರ್ ಕೊನೆಗೆ ಇಲ್ಲಿ ರಾತ್ರಿಯ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬಂದ ವಾರವೇ ಜ್ವರ ಬರಿಸಿಕೊಂಡರೆ ಏನು ಗತಿ?

ಮೊನ್ನೆ ಬೆಳಿಗ್ಗೆ ತಮ್ಮನ ಫೋನು. “ಅಕ್ಕ, ಶ್ವಾಬಿಂಗ್‌ನಲ್ಲಿ ಮನೆ ಸಿಕ್ತು ಕಣಕ್ಕ! ಎರಡು ರೂಮು, ಅಡುಗೆಮನೆ, ತಿಂಗಳಿಗೆ ಬರೀ 600 ಯೂರೋ. ಓನರ್ ಬೇರೆ ದೇಶದಲ್ಲಿದಾರಂತೆ. ಅಡ್ವಾನ್ಸ್ ಹಾಕಿದ ತಕ್ಷಣ ಬೀಗದ ಕೈ ಕೊರಿಯರ್ ಮಾಡ್ತಾರಂತೆ.”

“ಒಂದು ಪೈಸೆನೂ ಹಾಕಬೇಡ,” ಅಂದೆ. “ಪಾಸ್‌ಪೋರ್ಟ್ ಫೋಟೋನೂ ಕಳಿಸಬೇಡ.”

“ಅವರ ಪಾಸ್‌ಪೋರ್ಟ್ ಕಾಪಿ ಕಳಿಸಿದಾರೆ ಅಕ್ಕ.”

“ಅದು ಇನ್ಯಾವನೋ ಮೋಸಹೋದವನದ್ದು ಕಣೋ.”

ಮ್ಯೂನಿಕ್‌ನಲ್ಲಿ ನಾಲ್ಕು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆಗೇ ಈಗ 800 ಯೂರೋ ಆಸುಪಾಸು. ಶ್ವಾಬಿಂಗ್‌ನಲ್ಲಿ ಎರಡು ಕೋಣೆಯ ಇಡೀ ಮನೆ 600ಕ್ಕೆ ಯಾರು ಕೊಡುತ್ತಾರೆ? ಊರಲ್ಲಿಲ್ಲದ ಓನರ್, ಕೊರಿಯರ್‌ನಲ್ಲಿ ಬರುವ ಬೀಗದ ಕೈ, ನೋಡುವ ಮೊದಲೇ ಕೇಳುವ ಮುಂಗಡ: ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಗೇ ಬಿಡಬೇಕು. ಈ ದಿನಗಳಲ್ಲಿ ಇಂಥ ಜಾಹೀರಾತು ಹಾಕುವವರಿಗೆ ದೂರದ ದೇಶದಲ್ಲಿ ಕೂತು ಗಾಬರಿಯಲ್ಲಿರುವ ಹುಡುಗರೇ ಬೇಕು. ಇದನ್ನು ಓದುವವರಲ್ಲಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿದ್ದರೆ ದಯವಿಟ್ಟು ಅವರಿಗೆ ಇದನ್ನು ತಿಳಿಸಿ.

ಹಬ್ಬದ ದಿನಗಳಲ್ಲಿ ಊರು ಬಿಟ್ಟುಹೋಗಿ ತಮ್ಮ ಮನೆಯನ್ನು ಬಾಡಿಗೆಗೆ ಕೊಡುವ ನಿಜವಾದ ಮ್ಯೂನಿಕ್‌ನವರೂ ಬೇಕಾದಷ್ಟಿದ್ದಾರೆ. ಸ್ವಂತ ವಾಸದ ಮನೆಯನ್ನು ಹೀಗೆ ಪ್ರವಾಸಿಗರಿಗೆ ವರ್ಷಕ್ಕೆ ಎಂಟು ವಾರ ಕೊಡಲು ಇಲ್ಲಿ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ಅವರು ಈ ಎರಡು ವಾರದಲ್ಲಿ ತಿಂಗಳ ಬಾಡಿಗೆ ದುಡಿದುಕೊಳ್ಳಲು ನೋಡುತ್ತಾರೆ. ತಪ್ಪೆನ್ನಲಾರೆ, ಅವರ ಬಾಡಿಗೆಯೂ ಹೊರೆಯೇ.

ನಿನ್ನೆ ಸಂಜೆ ಭೂಪಟ ಬದಿಗಿಟ್ಟು ರೈಲಿನ ನಕ್ಷೆ ಎದುರಿಗಿಟ್ಟುಕೊಂಡೆ. ನಮ್ಮದು ಮಂಡ್ಯ. ದಸರೆ ಬಂತೆಂದರೆ ಮೈಸೂರಿನ ಲಾಡ್ಜುಗಳಲ್ಲಿ ಜಾಗ ಸಿಗದ ನೆಂಟರೆಲ್ಲ ನಮ್ಮ ಹಜಾರದಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ರೈಲು ಹತ್ತಿ ಹೋಗಿ, ದೀಪಾಲಂಕಾರ ನೋಡಿಕೊಂಡು ರಾತ್ರಿ ರೈಲಿಗೆ ವಾಪಸು. ಜಂಬೂಸವಾರಿ ನೋಡಲು ಅರಮನೆ ಪಕ್ಕದಲ್ಲೇ ಮಲಗಬೇಕೆಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮೈದಾನ ಎಷ್ಟು ಹತ್ತಿರ ಎನ್ನುವುದನ್ನು ಬಿಟ್ಟು, ಯಾವ ಊರಿಂದ ಒಂದೇ ಗಾಡಿಯಲ್ಲಿ ಬರಬಹುದು ಎಂದು ನೋಡಿದಾಗಲೇ ದಾರಿ ತೆರೆದದ್ದು.

ಫ್ರೈಸಿಂಗ್, ಲಾಂಡ್ಸ್‌ಹೂಟ್, ರೋಸನ್‌ಹೈಮ್, ಆಗ್ಸ್‌ಬರ್ಗ್, ಎಲ್ಲಕ್ಕೂ ಪ್ರಾದೇಶಿಕ ರೈಲುಗಳಿವೆ. ಫ್ರೈಸಿಂಗ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವುದರಿಂದ ಅಲ್ಲೂ ದರ ಏರಿದೆ. ನಾನು ಆಗ್ಸ್‌ಬರ್ಗ್ ಆರಿಸಿದೆ. ಅದು ದೊಡ್ಡ ಊರು, ಮನೆಗಳು ಹೆಚ್ಚು, ಗಾಡಿಗಳೂ ಹೆಚ್ಚು. ಇಲ್ಲಿಂದ ಮುಕ್ಕಾಲು ಗಂಟೆಯ ಹಾದಿ. ಇನ್ನೊಂದು ಅನುಕೂಲ: ವಿಮಾನ ನಿಲ್ದಾಣದಿಂದ ಎಸ್8 ಎಂಬ ಉಪನಗರ ರೈಲು ಹತ್ತಿದರೆ ನೇರ ಪಾಸಿಂಗ್, ಆಗ್ಸ್‌ಬರ್ಗಿನ ಗಾಡಿಗಳು ಪಾಸಿಂಗ್‌ನಲ್ಲೂ ನಿಲ್ಲುತ್ತವೆ. ಹಬ್ಬದ ಜನ ತುಂಬಿದ ಮುಖ್ಯ ನಿಲ್ದಾಣದಲ್ಲಿ ಸೂಟ್‌ಕೇಸ್ ಎಳೆದಾಡುವ ಗೋಜೇ ಇಲ್ಲ. ನಾನೇ ಪ್ಲಾಟ್‌ಫಾರ್ಮಿಗೆ ಹೋಗಿ, ಚಿತ್ರಾನ್ನದ ಡಬ್ಬಿ ಕೈಗಿತ್ತು ಗಾಡಿ ಹತ್ತಿಸುತ್ತೇನೆ.

ಟಿಕೆಟಿನ ವಿಚಾರಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. 2025ರಲ್ಲಿ ತಿಂಗಳಿಗೆ 58 ಯೂರೋ, ದೇಶದ ಎಲ್ಲ ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ಉಪನಗರ ರೈಲು, ಯು-ಬಾನ್ ಎಂಬ ಮೆಟ್ರೊ, ಟ್ರಾಮ್, ಬಸ್ಸಿಗೆ ನಡೆಯುತ್ತದೆ. ಐಸಿಇಯಂಥ ವೇಗದ ಗಾಡಿಗೆ ನಡೆಯುವುದಿಲ್ಲ. ಅದು ಚಂದಾ ಇದ್ದ ಹಾಗೆ, ಬೇಡವೆಂದರೆ ಆಯಾ ತಿಂಗಳ 10ರೊಳಗೆ ನಿಲ್ಲಿಸಬೇಕು. ಸೆಪ್ಟೆಂಬರ್ ಕೊನೆಗೆ ತೆಗೆದುಕೊಂಡರೆ ಅಕ್ಟೋಬರಿನದ್ದೂ ಕಟ್ಟಲೇಬೇಕು. ಈ ಹುಡುಗರಿಗೆ ಅಕ್ಟೋಬರಿನಲ್ಲೂ ಬೇಕು, ನಷ್ಟವಿಲ್ಲ. ಮೂರು ದಿನಕ್ಕೆ ಬಂದುಹೋಗುವ ಗೆಳೆಯರ ಗುಂಪಾದರೆ ಬವೇರಿಯಾದೊಳಗೆ ಒಂದು ದಿನಕ್ಕೆ ನಡೆಯುವ ಬಯರ್ನ್ ಟಿಕೆಟ್ ಲೇಸು: ಐದು ಜನರ ತನಕ ಒಂದೇ ಟಿಕೆಟು, ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಮಾರನೆಯ ಬೆಳಗಿನ ಜಾವ 3ರವರೆಗೆ. ಆದರೆ ನಡುರಾತ್ರಿ ಕಳೆದ ಮೇಲೆ ಗಾಡಿಗಳು ಕಡಿಮೆ. ಹಬ್ಬದ ಬಿಯರ್ ಡೇರೆಗಳಲ್ಲಿ ಕೊನೆಯ ಬಿಯರ್ ಕೊಡುವುದು ರಾತ್ರಿ 10:30ಕ್ಕೆ. ಅಲ್ಲಿಯವರೆಗೆ ಕೂರದೆ 10ಕ್ಕೇ ಎದ್ದು ಹಕ್ಕರ್‌ಬ್ರೂಕ ನಿಲ್ದಾಣದ ಕಡೆ ನಡೆಯುವವರು ನೆಮ್ಮದಿಯಾಗಿ ಮನೆ ಸೇರುತ್ತಾರೆ.

ಆಗ್ಸ್‌ಬರ್ಗಿನಲ್ಲಿ ಒಬ್ಬ ಹಿರಿಯ ಹೆಂಗಸು ತಮ್ಮ ಮನೆಯ ಮೇಲಿನ ಮಹಡಿ ಕೊಡುತ್ತಾರೆ. ಮೂವರಿಗೆ ರಾತ್ರಿಗೆ 96 ಯೂರೋ, ಅಂದರೆ ತಲೆಗೆ 32. ಅಡುಗೆಗೆ ಒಲೆ ಇದೆ, ಅದು ಇನ್ನೂ ಒಳ್ಳೆಯದು. ಇವತ್ತು ಮಧ್ಯಾಹ್ನ ಗಾಡಿ ಹತ್ತಿ ಹೋಗಿ ನನ್ನ ಕಣ್ಣಿಂದ ನೋಡಿ ಬಂದೆ. ಹಾಸಿಗೆ ಚೊಕ್ಕಟ, ಸ್ನಾನದ ಮನೆ ಬೇರೆ, ಬಸ್‌ಸ್ಟಾಪು ಎದುರಿಗೇ.

ಹೇಗೂ ಹೋಗಿದ್ದೆನಲ್ಲ, ಫುಗ್ಗರೈ ಒಳಗೂ ಸುತ್ತಾಡಿದೆ. ಯಾಕೋಬ್ ಫುಗ್ಗರ್ ಎಂಬ ಸಾಹುಕಾರ 1521ರಲ್ಲಿ ಊರಿನ ಬಡವರಿಗೆಂದು ಕಟ್ಟಿಸಿದ ಕೇರಿ ಅದು. ಹಳದಿ ಗೋಡೆ, ಹಸಿರು ಕಿಟಕಿ ಬಾಗಿಲು, ಬಳ್ಳಿ ಹಬ್ಬಿದ ಸಾಲುಮನೆಗಳು. ಇವತ್ತಿಗೂ ಅಲ್ಲಿ ಜನ ವಾಸವಾಗಿದ್ದಾರೆ, ಇವತ್ತಿಗೂ ಬಾಡಿಗೆ ವರ್ಷಕ್ಕೆ 88 ಸೆಂಟು, ಅಂದಿನ ಒಂದು ರೈನ್ ಗುಲ್ಡನ್ ನಾಣ್ಯದ ಲೆಕ್ಕದಲ್ಲಿ. ಜೊತೆಗೆ ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡಬೇಕೆಂಬ ಕಟ್ಟಳೆ. ಕಷ್ಟದಲ್ಲಿರುವ ಆಗ್ಸ್‌ಬರ್ಗಿನ ಕ್ಯಾಥೊಲಿಕರಿಗೆ ಮಾತ್ರ ಅಲ್ಲಿ ಮನೆ. ದಿನವಿಡೀ ಬಾಡಿಗೆಯ ಅಂಕಿಗಳನ್ನೇ ನೋಡಿ ದಣಿದಿದ್ದ ನನಗೆ, ಐನೂರು ವರ್ಷದಿಂದ ಏರದೆ ನಿಂತ ಆ ಬಾಡಿಗೆಯ ಬಗ್ಗೆ ಓದಿ ಕಣ್ಣು ತುಂಬಿತು. ತಲೆಮಾರುಗಳ ತನಕ ನಿಲ್ಲುವಂತೆ ಒಬ್ಬ ಮನುಷ್ಯ ಸೂರಿನ ಬಗ್ಗೆ ಯೋಚಿಸಿದ್ದನಲ್ಲ.

ಹುಡುಗರಿಗೆ ಹಬ್ಬ ನೋಡುವ ಆಸೆಯೂ ಇದೆ, ಇರಬೇಕಾದದ್ದೇ. ಮಂಗಳವಾರ ಹೋಗಿ ಎಂದಿದ್ದೇನೆ. ಮಂಗಳವಾರಗಳು ಕುಟುಂಬದ ದಿನ, ಹಗಲು ಆಟದ ರಾಟೆಗಳಿಗೆ ರಿಯಾಯಿತಿ ಇರುತ್ತದೆ, ನೂಕುನುಗ್ಗಲು ಕಡಿಮೆ. ಮೈದಾನಕ್ಕೆ ಪ್ರವೇಶ ಉಚಿತ. ಒಂದು ಲೀಟರಿನ ಮಗ್ಗಿಗೆ ಈ ವರ್ಷ 14.50ರಿಂದ 15.80 ಯೂರೋ, ಒಬ್ಬರು ಕುಡಿದರೂ ಮೂವರೂ ಬೆಂಚಿನ ಮೇಲೆ ಕೂತು ವಾದ್ಯಮೇಳ ಕೇಳಬಹುದು. ಮೂರು ಲೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಆದ್ದರಿಂದ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಹೋಗಬೇಡಿ ಎಂದು ಎರಡು ಸಲ ಹೇಳಿದೆ.

ಉಳಿದದ್ದು 26 ಮತ್ತು 27ರ ರಾತ್ರಿಗಳು, ಶುಕ್ರವಾರ ಮತ್ತು ಶನಿವಾರ. ಹಬ್ಬದ ನಡುವಿನ ವಾರಾಂತ್ಯ. ಇಟಲಿಯಿಂದ ಜನ ಬಸ್ಸು, ಕಾರು, ಮನೆಗಾಡಿಗಳಲ್ಲಿ ಹರಿದುಬರುವುದು ಆಗಲೇ. ಆ ಹೆಂಗಸಿಗೆ ಪ್ರತಿವರ್ಷ ಅದೇ ಎರಡು ರಾತ್ರಿಗೆ ಬರುವ ಹಳೇ ಅತಿಥಿಗಳಿದ್ದಾರಂತೆ. “ಸೂಟ್‌ಕೇಸುಗಳನ್ನು ನೆಲಮಾಳಿಗೆಯಲ್ಲಿಟ್ಟು ಹೋಗಲಿ, ಭಾನುವಾರ ವಾಪಸು ಬರಲಿ,” ಎಂದರು. ಅದೇ ದೊಡ್ಡ ಉಪಕಾರ. ಹಣ ವಾಪಸಾಗುವ ಷರತ್ತಿನಲ್ಲಿ ಎರಡು ಮೂರು ಕಡೆ ಕಾಯ್ದಿರಿಸಿದವರು ಗಡುವಿನ ಹಿಂದಿನ ದಿನ ಬೇಡದ್ದನ್ನು ಬಿಟ್ಟುಕೊಡುತ್ತಾರೆ, ಅದಕ್ಕಾಗಿ ದಿನಾ ಬೆಳಿಗ್ಗೆ ನೋಡುತ್ತಿರುತ್ತೇನೆ.

ಸಿಗದಿದ್ದರೆ ನಮ್ಮ ಮನೆ ಇದ್ದೇ ಇದೆ. ಊರಿಂದ ಅತ್ತೆ ಮಾವ ಬಂದಿರುವುದರಿಂದ ಒಂದೂವರೆ ಕೋಣೆಯ ಈ ಮನೆಯಲ್ಲಿ ಆಗಲೇ ನಾಲ್ವರಿದ್ದೇವೆ. ರಾತ್ರಿ ಊಟದ ಹೊತ್ತಿಗೆ ಹಿಂಜರಿಯುತ್ತಲೇ ವಿಷಯ ತೆಗೆದೆ. ಮಾವನವರು ತಟ್ಟೆಯಿಂದ ತಲೆ ಎತ್ತಿ, “ಎರಡು ರಾತ್ರಿ ತಾನೇನಮ್ಮಾ, ಮಕ್ಕಳು ಬರಲಿ. ಊಟದ ಟೇಬಲ್ ಬಾಲ್ಕನಿಗೆ ಹಾಕಿದರೆ ಜಾಗ ಆಗುತ್ತೆ,” ಅಂದರು. ಅತ್ತೆ ಆಗಲೇ ಹಾಸಲು ಹೊದೆಯಲು ಎಷ್ಟಿದೆ ಎಂದು ಎಣಿಸುತ್ತಿದ್ದರು. ಎರಡು ರಜಾಯಿ ಕಡಿಮೆ ಬೀಳುತ್ತದಂತೆ. ಪಕ್ಕದ ಬೀದಿಯ ಕನ್ನಡದವರ ಮನೆಯಲ್ಲಿ ನಾಳೆ ಕೇಳಬೇಕು.